ದೊಡ್ಡಬಳ್ಳಾಪುರದಿಂದ ಕಿದ್ವಾಯಿಯವರೆಗೆ

ಬೆಂಗಳೂರು ಮಹಾನಗರವನ್ನು ಬಳಸಿ ನಿಂತಿರುವ ನಾಲ್ಕು ತಾಲ್ಲೂಕುಗಳು ನಮ್ಮವು: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ. ಈ ಸೀಮೆಯನ್ನು ಕುರಿತು ಪ್ರವಾಸ ಲೇಖನ ಬರೆಯುವವರು ಶಿವಗಂಗೆಯ ಬೆಟ್ಟವನ್ನು ಹತ್ತುತ್ತಾರೆ, ದೇವನಹಳ್ಳಿಯ ಕೋಟೆಯನ್ನು ಸುತ್ತುತ್ತಾರೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ವರ್ಣಿಸುತ್ತಾರೆ. ಅವೆಲ್ಲವೂ ನೋಡತಕ್ಕ ಸ್ಥಳಗಳೇ. ಆದರೆ ಇದೇ ಸೀಮೆಯಿಂದ ಪ್ರತಿದಿನ ಮುಂಜಾನೆ ಹೊರಡುವ ಮತ್ತೊಂದು ಬಗೆಯ ಯಾತ್ರಿಕರಿದ್ದಾರೆ. ಕೈಯಲ್ಲೊಂದು ಕಡತ, ಚೀಲದಲ್ಲಿ ನೀರಿನ ಶೀಷೆ, ಕೊರಳ ಸುತ್ತ ಮೆತ್ತನೆಯ ಹತ್ತಿ ಬಟ್ಟೆ. ಪಕ್ಕದಲ್ಲಿ ಗಂಡನೋ ಹೆಂಡತಿಯೋ. ಅವರು ಹೋಗುವುದು ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ. 2023ರ ಕಾರ್ತಿಕ ಮಾಸದಿಂದ 2024ರ ಸಂಕ್ರಾಂತಿಯ ಹೊಸ್ತಿಲವರೆಗೆ ನಾನೂ ನನ್ನ ಪತ್ನಿಯೂ ಆ ಯಾತ್ರಿಕರ ಸಾಲಿನಲ್ಲಿದ್ದೆವು.

ಆಕೆಗೆ ಎಡಗೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಯ್ದ ಮೇಲೆ ವಿಕಿರಣ ಚಿಕಿತ್ಸೆ ಆಗಬೇಕೆಂದು ವೈದ್ಯರು ನಿರ್ಧರಿಸಿದರು. ನಮ್ಮ ಕಡೆಯ ಜನ ಇದನ್ನು 'ಕರೆಂಟು ಕೊಡುವುದು' ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಮೂವತ್ತು ಸಲ; ಒಟ್ಟು 60 ಗ್ರೇ ಪ್ರಮಾಣದ ವಿಕಿರಣ. ದೊಡ್ಡಬಳ್ಳಾಪುರದಿಂದ ಕಿದ್ವಾಯಿಗೆ ಸುಮಾರು 45 ಕಿಲೋಮೀಟರು. ಹೋಗಿ ಬರಲು 90. ಮೂವತ್ತು ದಿನಕ್ಕೆ 2700. ಕೂಡಲಸಂಗಮಕ್ಕೆ ಇಲ್ಲಿಂದ ಹೆಚ್ಚುಕಡಿಮೆ ಮೂರು ಸಲ ಹೋಗಿ ಬರುವಷ್ಟು ದಾರಿ!

ಹಳೆಯ ಕಾಲದ ಗ್ಯಾಸೆಟಿಯರುಗಳಲ್ಲಿ ನಮ್ಮ ಊರಿನ ಹೆಸರಿನ ಬಗ್ಗೆ ಒಂದು ಐತಿಹ್ಯವಿದೆ. ಹಸುವೊಂದು ಪ್ರತಿದಿನವೂ ಹುತ್ತವೊಂದರ ಮೇಲೆ ಒಂದು ಬಳ್ಳ ಹಾಲನ್ನು ಸುರಿಸಿ ಹೋಗುತ್ತಿತ್ತಂತೆ, ಅದರಿಂದ ಬಳ್ಳಾಪುರ. ಬಳ್ಳವೆಂದರೆ ಹಿಂದಿನವರ ಒಂದು ಅಳತೆ. ಇಂದಿನ ಊರು ಹಾಲಿಗಿಂತ ರೇಷ್ಮೆ ಸೀರೆಗೆ, ಮಗ್ಗಗಳಿಗೆ ಹೆಸರಾದುದು. ಬೆಳಗಿನ ಆರು ಗಂಟೆಗೆ ಬಸ್ ನಿಲ್ದಾಣದ ಕಡೆಗೆ ನಡೆಯುವಾಗ ಬೀದಿ ಬೀದಿಯ ಮನೆಗಳೊಳಗಿಂದ ವಿದ್ಯುತ್ ಮಗ್ಗಗಳ ಟಕಟಕ ಸದ್ದು ಕೇಳಿಬರುತ್ತದೆ. ಮೊದಲ ವಾರದಲ್ಲಿ ನನ್ನ ಪತ್ನಿ ಆ ಸದ್ದಿಗೆ ಹೆಜ್ಜೆ ಹಾಕುತ್ತಲೇ ಮಾತನಾಡುತ್ತ ಬರುತ್ತಿದ್ದಳು. ನಾಲ್ಕನೆಯ ವಾರಕ್ಕೆ ಆಕೆಯ ಮಾತು ನಿಂತು, ಮಗ್ಗದ ಸದ್ದು ಮಾತ್ರ ಉಳಿಯಿತು.

ಬಸ್ಸು ಊರು ಬಿಟ್ಟು ಮಾರಸಂದ್ರ, ರಾಜಾನುಕುಂಟೆ, ಸಿಂಗನಾಯಕನಹಳ್ಳಿಗಳನ್ನು ದಾಟಿ ಯಲಹಂಕ ಸೇರುತ್ತದೆ. ಮಾರ್ಗಶಿರದ ಮಂಜು ದಟ್ಟವಾಗಿದ್ದ ದಿನಗಳಲ್ಲಿ ರಸ್ತೆಬದಿಯ ರಾಗಿ ಹೊಲಗಳ ಮೆದೆಗಳು ಬೂದು ಬಣ್ಣದ ಗುಡಿಸಲುಗಳಂತೆ ತೋರುತ್ತಿದ್ದವು. ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳು. ಮೇಲೆ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ಆ ನಿಲ್ದಾಣ 2008ರಲ್ಲಿ ತೆರೆದಂದಿನಿಂದ ಈ ಸೀಮೆಯ ಹೊಲಗಳ ಬೆಲೆಯೂ ಜನರ ನಡೆಯೂ ಬದಲಾದ ಕಥೆ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ. ಹೆಬ್ಬಾಳದ ಮೇಲುಸೇತುವೆಯಲ್ಲಿ ಬಸ್ಸು ನಿಂತೇಬಿಡುತ್ತದೆ. ಅಲ್ಲಿಂದ ಮೆಜೆಸ್ಟಿಕ್, ಅಲ್ಲಿ ಬಸ್ಸು ಬದಲಿಸಿ ವಿಲ್ಸನ್ ಗಾರ್ಡನ್, ಲಕ್ಕಸಂದ್ರದ ಮೇಲೆ ಕಿದ್ವಾಯಿ. ಮೂರು ಗಂಟೆಯ ಪ್ರಯಾಣ. ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಆಕೆಗೆ ಪ್ರಯಾಣ ಉಚಿತ. ನಿರ್ವಾಹಕರು ಹರಿದುಕೊಡುತ್ತಿದ್ದ ಶೂನ್ಯ ದರದ ಚೀಟಿಗಳನ್ನು ಆಕೆ ಕಡತದ ಹಿಂಬದಿಯಲ್ಲಿ ಸೇರಿಸಿಡುತ್ತಿದ್ದಳು. ಎಷ್ಟು ದಿನ ಕಳೆಯಿತೆಂಬುದಕ್ಕೆ ಅದೇ ಅವಳ ಪಂಚಾಂಗ.

ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಈ ಸಂಸ್ಥೆ 1973ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಕಾರ್ಯ ಇಲ್ಲಿಂದಲೇ 1982ರಿಂದ ನಡೆದುಬಂದಿದೆ. ಅದರಿಂದ ತಿಳಿದುಬಂದ ಸಂಗತಿಗಳಲ್ಲಿ ಒಂದು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು: ಬಾಯಿಯ ಕ್ಯಾನ್ಸರ್ ಗಂಡಸರ ರೋಗವೆಂಬ ಸಾಮಾನ್ಯ ನಂಬಿಕೆ ಈ ಸೀಮೆಯ ಮಟ್ಟಿಗೆ ಸರಿಯಲ್ಲ. ಇಲ್ಲಿಯ ಹೆಂಗಸರಲ್ಲಿಯೂ ಅದು ದೊಡ್ಡ ಪ್ರಮಾಣದಲ್ಲಿದೆ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ರೂಢಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು, ಅದರಲ್ಲೂ ಮಹಿಳೆಯರಲ್ಲಿ, ಬೆಂಗಳೂರಿನಲ್ಲಿಯೇ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಗುಟ್ಕಾವನ್ನು ಸರ್ಕಾರ 2013ರಲ್ಲಿ ನಿಷೇಧಿಸಿತು. ಕಡ್ಡಿಪುಡಿ ಮಾತ್ರ ನಮ್ಮ ಅಜ್ಜಿಯರ, ಅತ್ತೆಯರ ಸಂಚಿಯಲ್ಲಿ ಯಾವ ಕಾನೂನಿನ ಕಣ್ಣಿಗೂ ಬೀಳದೆ ಉಳಿದುಕೊಂಡಿದೆ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಇದನ್ನು ಬರೆದರೆ ಅಡಿಕೆ ಬೆಳೆಯುವ ಬಂಧುಗಳಿಗೆ ಬೇಸರವಾಗಬಹುದು. ಆದರೂ ಮದುವೆಯ ಚಪ್ಪರದಲ್ಲಿ ಹರಿವಾಣ ಹಿಡಿದು ನಿಲ್ಲುವ ನಮ್ಮ ಹೆಣ್ಣುಮಕ್ಕಳಿಗೆ ಇದು ತಿಳಿದಿರಬೇಕು.

ವಿಕಿರಣ ಆರಂಭವಾಗುವ ಮುನ್ನವೇ ಕೆಲವು ಕೆಲಸಗಳಿರುತ್ತವೆ. ಮೊದಲನೆಯದು ಹಲ್ಲಿನ ಪರೀಕ್ಷೆ. ವಿಕಿರಣ ತಾಗಿದ ದವಡೆಯ ಮೂಳೆಗೆ ಗಾಯ ಮಾಯುವ ಶಕ್ತಿ ಕುಂದುವುದರಿಂದ ಕೆಟ್ಟ ಹಲ್ಲುಗಳನ್ನು ಮೊದಲೇ ಕೀಳಿಸಿ, ಎರಡು ಮೂರು ವಾರ ಗಾಯ ಮಾಗಲು ಬಿಡುತ್ತಾರೆ. ಆಕೆಯ ನಾಲ್ಕು ದವಡೆ ಹಲ್ಲುಗಳು ಹೋದವು. ಎರಡನೆಯದು ಮುಖವಾಡ. ಬಿಸಿ ನೀರಿನಲ್ಲಿ ಅದ್ದಿ ಮೃದುವಾಗಿಸಿದ ಜಾಲರಿಯಂಥ ಹಾಳೆಯನ್ನು ಮುಖದ ಮೇಲೆ ಹೊದಿಸಿ ಭುಜದವರೆಗೂ ಒತ್ತುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಆ ವ್ಯಕ್ತಿಯ ಮುಖದ ಅಚ್ಚಾಗುತ್ತದೆ. ಪ್ರತಿದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿದಾಗ ತಲೆ ಕೂದಲೆಳೆಯಷ್ಟೂ ಅಲುಗುವಂತಿಲ್ಲ.

ಮುಖವಾಡ ಮಾಡುವ ದಿನ ಅಲ್ಲಿಯ ತಂತ್ರಜ್ಞ ತರುಣ ವಿನಯದಿಂದಲೇ ಹೇಳಿದ: "ಅಮ್ಮಾ, ಕೊರಳಲ್ಲಿರೋದೆಲ್ಲಾ ತೆಗೀಬೇಕು." ಆಕೆ ಮಾಂಗಲ್ಯವನ್ನು ತೆಗೆದು ನನ್ನ ಕೈಗಿಟ್ಟಳು. ಅದಕ್ಕೆ ಅವಳ ಕಣ್ಣು ತುಂಬಿತಾದರೂ ತಡೆಯಲಿಲ್ಲ. ಬೆಳ್ಳಿಯ ಕರಡಿಗೆಯ ಮೇಲೆ ಕೈಯಿಟ್ಟವಳು ಮಾತ್ರ ಹಾಗೆಯೇ ನಿಂತುಬಿಟ್ಟಳು. "ರೀ, ಇದನ್ನ ಹೇಗೆ ತೆಗೀಲಿ?" ಎಂದಳು. ದೀಕ್ಷೆಯಾದಂದಿನಿಂದ ಹೆರಿಗೆಯಲ್ಲಿಯೂ ಕಾಯಿಲೆಯಲ್ಲಿಯೂ ಅವಳ ಮೈಯಿಂದ ಅಗಲದ ಇಷ್ಟಲಿಂಗ. ನಮ್ಮ ಬಂಧುಗಳಿಗೆ ಈ ಪ್ರಶ್ನೆಯ ಭಾರವನ್ನು ವಿವರಿಸಬೇಕಾಗಿಲ್ಲ. ಅಂದು ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಯೇ ಹಿಡಿದು ಮಲಗಲು ಆ ತರುಣ ಒಪ್ಪಿದ. ಆದರೆ ಮೂವತ್ತು ದಿನದ ಮಾತೇನು? ಆ ಭಾನುವಾರ ನಾವು ಹಿರಿಯ ಸ್ವಾಮಿಗಳೊಬ್ಬರನ್ನು ಕಂಡು ಕೇಳಿದೆವು. ಲಿಂಗ ಅಂಗದ ಮೇಲಿರಬೇಕೆಂಬುದು ಮುಖ್ಯ, ಕೊರಳೊಂದೇ ಅದರ ಸ್ಥಾನವಲ್ಲ, ನಾಭಿಯಿಂದ ಕೆಳಗಿಳಿಯದಂತೆ ನೋಡಿಕೊಂಡರಾಯಿತು ಎಂದು ಅವರು ಅಪ್ಪಣೆ ಕೊಡಿಸಿದರು. ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ಎಡಗೈಯ ರಟ್ಟೆಗೆ ಕಟ್ಟಿದೆವು. ಆಸ್ಪತ್ರೆಯವರಿಗೂ ಅದರಿಂದ ಅಡ್ಡಿಯಾಗಲಿಲ್ಲ. ವೈದ್ಯಕೀಯ ದೃಷ್ಟಿಯಿಂದಲೂ ಇದು ಒಳ್ಳೆಯದೇ ಆಯಿತು. ವಿಕಿರಣಕ್ಕೆ ಕಂದಿದ ಕೊರಳ ಚರ್ಮದ ಮೇಲೆ ಶಿವದಾರ ಉಜ್ಜಿದರೆ ಹುಣ್ಣಾಗುತ್ತಿತ್ತು. ಅದೇ ಕಾರಣಕ್ಕೆ ಕೊರಳಿಗೆ ವಿಭೂತಿ, ಸಾಬೂನು, ಎಣ್ಣೆ ಯಾವುದನ್ನೂ ಹಚ್ಚುವಂತಿಲ್ಲ. ಹಣೆಯ ವಿಭೂತಿಯನ್ನು ಒಳಗೆ ಹೋಗುವ ಮುನ್ನ ಒರೆಸಿಕೊಂಡು, ಹೊರಬಂದ ಮೇಲೆ ಮತ್ತೆ ಧರಿಸುತ್ತಿದ್ದಳು. ಇದನ್ನಿಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಲಿಂಗ ತೆಗೆಯಬೇಕಾಗುತ್ತದೆಂದು ಅಂಜಿ ಚಿಕಿತ್ಸೆಯನ್ನೇ ಮುಂದೂಡುವವರು ನಮ್ಮಲ್ಲಿ ಇರಬಹುದು. ಹಾಗೆ ಮಾಡಬೇಕಾದ ಅಗತ್ಯವಿಲ್ಲ.

ಮೊದಲ ಹತ್ತು ದಿನ ಏನೂ ಆಗದು. ಕಿರಣ ಬೀಳುವಾಗ ನೋವಿಲ್ಲ, ಬಿಸಿಯಿಲ್ಲ. "ಇಷ್ಟೇನಾ?" ಎಂದು ಆಕೆ ನಕ್ಕಳು. ನಿರೀಕ್ಷಣಾ ಕೊಠಡಿಯ ಬೆಂಚಿನ ಮೇಲೆ ನಮಗಿಂತ ಮುಂದಿದ್ದ ಹೊಸಕೋಟೆಯ ಕಡೆಯ ರೈತ ದಂಪತಿಗಳು ಏನನ್ನೂ ಹೇಳದೆ ಸುಮ್ಮನೆ ನೋಡಿದರು. ಎರಡನೆಯ ವಾರ ಕಳೆಯುತ್ತಿದ್ದಂತೆ ರುಚಿ ಹೋಗುತ್ತದೆ. ಮೂರನೆಯ ವಾರದಲ್ಲಿ ಬಾಯಿಯ ಒಳಪೊರೆ ಕೆಂಪಾಗಿ, ಬಿಳಿಯಾಗಿ, ಸುಲಿದುಬರುತ್ತದೆ. ಜೊಲ್ಲು ಬತ್ತಿ ಅಂಟಿನಂತಾಗುತ್ತದೆ. ಅದು ಅವರೆಕಾಯಿಯ ಕಾಲ. ಬಳ್ಳಾಪುರದ ಸಂತೆಯಲ್ಲಿ ಅವರೆಯ ಸೊಗಡು ಮೂಗಿಗೆ ಬಡಿಯುತ್ತಿತ್ತು. ಮನೆ ಮನೆಯಲ್ಲೂ ಹಿತಕಬೇಳೆಯ ಸಾರು. ಆಕೆ ಕಾಯಿ ಬಿಡಿಸಿ, ನೆನೆಹಾಕಿ, ಬೇಳೆ ಹಿಸುಕಿ ಸೊಸೆಯ ಕೈಗೆ ಕೊಡುತ್ತಿದ್ದಳು. ಒಂದು ದಿನ ಬೆರಳಂಚಿನಲ್ಲಿ ಸಾರು ಮುಟ್ಟಿಸಿಕೊಂಡು, "ಮಣ್ಣು ನೆಕ್ಕಿದಂಗಿದೆ" ಎಂದಳು. ದೇವನಹಳ್ಳಿಯ ನೆಂಟರು ಪ್ರೀತಿಯಿಂದ ತಂದ ಚಕ್ಕೋತಗಳನ್ನು, ಹುಳಿ ತಾಗಿದರೆ ಬಾಯಿ ಉರಿಯುವುದೆಂದು, ನೆರೆಯ ಮಕ್ಕಳಿಗೆ ಹಂಚಿದೆವು.

ಇಲ್ಲಿಂದ ಮುಂದಿನದು ಜೊತೆಗಾರನ ಕೆಲಸ. ವೈದ್ಯರ ಪಾಲು ದಿನಕ್ಕೆ ಹದಿನೈದು ನಿಮಿಷ. ಉಳಿದ ಹೊತ್ತೆಲ್ಲ ಮನೆಯವರದು. ನಮ್ಮ ಮನೆಗಳಲ್ಲಿ ಗಂಡ ಹಾಸಿಗೆ ಹಿಡಿದರೆ ಹೆಂಡತಿ ಹಗಲಿರುಳು ಸೇವೆ ಮಾಡುತ್ತಾಳೆ. ಹೆಂಡತಿ ಹಾಸಿಗೆ ಹಿಡಿದರೆ ತವರಿನಿಂದ ತಂಗಿಯನ್ನೋ, ಗಂಡನ ಮನೆಯಿಂದ ಮಗಳನ್ನೋ ಕರೆಸುತ್ತೇವೆ. ಕಿದ್ವಾಯಿಯ ಬೆಂಚುಗಳ ಮೇಲೆ ನಾನು ಕಂಡದ್ದೂ ಹಾಗೆಯೇ: ಗಂಡಸು ರೋಗಿಗಳ ಪಕ್ಕದಲ್ಲಿ ಬಹುತೇಕ ಹೆಂಡತಿ, ಹೆಂಗಸು ರೋಗಿಗಳ ಪಕ್ಕದಲ್ಲಿ ಮಗಳು, ಅಕ್ಕ, ಕೆಲವೊಮ್ಮೆ ಯಾರೂ ಇಲ್ಲ. ಕಾಯಕವನ್ನು ಕುರಿತು ಭಾಷಣ ಮಾಡುವ ನಾವು ರಾಗಿ ಗಂಜಿ ಕಾಯಿಸುವುದನ್ನು ಕಾಯಕವೆಂದು ಎಣಿಸದಿರುವುದು ವಿಚಿತ್ರ. ಅರುವತ್ತು ದಾಟಿದ ಮೇಲೆ ನಾನು ಸೊಸೆಯಿಂದ ಅದನ್ನು ಕಲಿತೆ. ಕಷ್ಟದ ವಿದ್ಯೆಯೇನೂ ಅಲ್ಲ.

ನಮ್ಮ ಸೀಮೆಯ ಅಡುಗೆ ಈ ರೋಗಕ್ಕೆ ಒಂದು ವಿಧದಲ್ಲಿ ಒದಗಿಬರುತ್ತದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಆದ್ದರಿಂದ ಅನ್ನ, ಚಪಾತಿಗಳು ಅಸಾಧ್ಯವಾದ ಮೇಲೂ ಒಂದು ವಾರ ಕಾಲ ಮೆತ್ತಗಿನ ಮುದ್ದೆಯ ಸಣ್ಣ ಸಣ್ಣ ತುತ್ತುಗಳು ಖಾರವಿಲ್ಲದ ತೊವ್ವೆಯಲ್ಲಿ ಜಾರಿ ಇಳಿದವು. ಆಮೇಲೆ ಅಂಬಲಿ, ಗಂಜಿ, ಹಾಲು, ಮೊಸರು ಕಲಸಿ ಅರೆದ ಅನ್ನ. ಆಹಾರ ತಜ್ಞೆ ಮೊಟ್ಟೆಯ ಮಾತೆತ್ತಿದರು. ಅದು ನಮ್ಮಲ್ಲಿ ಆಗದೆಂದಾಗ ಬೇಸರಿಸದೆ ಹೆಸರುಬೇಳೆ, ಸೋಯಾ ಹಿಟ್ಟು, ಕಡಲೆಕಾಯಿ ಅರೆದ ಹಾಲು, ತುಪ್ಪಗಳ ಲೆಕ್ಕ ಬರೆದುಕೊಟ್ಟರು. ಪ್ರತಿ ಎರಡು ಗಂಟೆಗೊಮ್ಮೆ ಒಂದು ಲೋಟ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಬೆರೆಸಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸುವುದು. ಬಾಯಿ ಕಚ್ಚಿಕೊಂಡು ತೆರೆಯದಂತಾಗಬಾರದೆಂದು ನೋವಿದ್ದರೂ ದಿನಕ್ಕೆ ಐದಾರು ಸಲ ಬಾಯಿ ಅಗಲಿಸುವ ಅಭ್ಯಾಸ. ವಾರಕ್ಕೊಮ್ಮೆ ತೂಕ. 54 ಕಿಲೋ ಇದ್ದವಳು 49ಕ್ಕೆ ಇಳಿದಾಗ ವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಬೇಕೆಂದರು. ತೂಕ ಇಳಿದರೆ ಮುಖವಾಡ ಸಡಿಲವಾಗುತ್ತದೆ. ಕಿರಣ ಗುರಿ ತಪ್ಪಬಹುದು. ಶಕ್ತಿ ಕುಂದಿದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಬಹುದು.

ಆಕೆ ಎರಡು ದಿನ ಒಪ್ಪಲಿಲ್ಲ. ಆ ಹೊತ್ತಿಗೆ ಮಾತು ನಿಂತು, ಮೊಮ್ಮಗಳ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು. 'ಲಿಂಗಕ್ಕೆ ಕೊಡದೆ ಹೇಗೆ ಉಣ್ಣಲಿ' ಎಂದು ಬರೆದಳು. ಬಾಯಿಗೇ ಹೋಗದ ಆಹಾರ ಪ್ರಸಾದವಾಗುವುದೆಂತು ಎಂಬುದು ಅವಳ ಸಂಕಟ. ನಾನು ಪಂಡಿತನಲ್ಲ. ಲೋಟವನ್ನು ಅವಳ ಕೈಗೇ ಕೊಟ್ಟೆ. ಆಕೆ ರಟ್ಟೆಯ ಬಟ್ಟೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು, ಸೋಸಿದ ಗಂಜಿಯನ್ನು ಅದಕ್ಕೆ ತೋರಿ, ಕಣ್ಣುಮುಚ್ಚಿ, ಬಳಿಕ ಲೋಟವನ್ನು ನನಗೆ ಮರಳಿಸಿದಳು. ನಾನು ನಳಿಕೆಗೆ ನಿಧಾನವಾಗಿ ಹೊಯ್ದೆ. ಅಂದಿನಿಂದ ನಳಿಕೆ ತೆಗೆಯುವವರೆಗೆ ದಿನಕ್ಕೆ ಏಳೆಂಟು ಸಲ ಇದೇ ಕ್ರಮ ನಡೆಯಿತು. ಮೊದಲು ಒಂದಿಷ್ಟು ನೀರು, ಆಮೇಲೆ ಅಳತೆಯ ಆಹಾರ, ಕೊನೆಗೆ ಮತ್ತೆ ನೀರು. ಅರ್ಧ ಗಂಟೆ ಮಲಗದೆ ಕುಳಿತಿರುವುದು. ಊರಿನ ಹೆಸರಿನ ಆ ಬಳ್ಳದ ಹಾಲು ಆಗ ನನಗೆ ಹಲವು ಸಲ ನೆನಪಾಯಿತು.

ದಾರಿಯ ಮಾತಿಗೆ ಮರಳುತ್ತೇನೆ. ನಮ್ಮ ನಾಲ್ಕು ತಾಲ್ಲೂಕುಗಳ ಜನರಿಗೆ ಬೆಂಗಳೂರು ಹತ್ತಿರವಾಗಿರುವುದೇ ಒಂದು ತೊಡಕು. ರಾಯಚೂರು, ಬೀದರಗಳಿಂದ ಬಂದವರು ಬೇರೆ ದಾರಿಯಿಲ್ಲದೆ ಆವರಣದ ಧರ್ಮಶಾಲೆಯಲ್ಲೋ ಸಮೀಪದ ಬಾಡಿಗೆ ಕೋಣೆಯಲ್ಲೋ ಉಳಿಯುತ್ತಾರೆ. ನಾವು 'ಇಲ್ಲೇ ಅಲ್ಲವೇ' ಎಂದು ದಿನವೂ ಆರು ಗಂಟೆ ಬಸ್ಸಿನಲ್ಲಿ ಕಳೆಯುತ್ತೇವೆ. ಮೊದಲ ಮೂರು ವಾರ ಅದು ಸಾಧ್ಯ. ಆಮೇಲೆ ಧೂಳು, ಕುಲುಕಾಟ, ಬಿಸಿಲು, ಮೆಜೆಸ್ಟಿಕ್ಕಿನ ನೂಕುನುಗ್ಗಲುಗಳಿಂದ ಬಳಲಿ 'ಇವತ್ತೊಂದು ದಿನ ಬೇಡ' ಎಂಬ ಮಾತು ಬರುತ್ತದೆ. ಆ ಒಂದು ದಿನವೇ ಅಪಾಯ. ಚಿಕಿತ್ಸೆಯ ನಡುವೆ ಬಿಡುವು ಬಿದ್ದರೆ ಉಳಿದ ರೋಗಕಣಗಳು ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ. ಒಟ್ಟು ಅವಧಿ ಎಳೆದಷ್ಟೂ ಗುಣವಾಗುವ ಸಂಭವ ಕಡಿಮೆಯಾಗುತ್ತದೆಂದು ವೈದ್ಯಶಾಸ್ತ್ರ ಖಚಿತವಾಗಿ ಹೇಳುತ್ತದೆ. ಆದ್ದರಿಂದ ನಾಲ್ಕನೆಯ ವಾರದಿಂದ ನಾವು ಧರ್ಮಶಾಲೆಯಲ್ಲಿ ಉಳಿದು, ಶುಕ್ರವಾರ ಸಂಜೆ ಊರಿಗೆ ಬಂದು ಭಾನುವಾರ ಸಂಜೆ ಹಿಂದಿರುಗುತ್ತಿದ್ದೆವು. 2700 ಕಿಲೋಮೀಟರಿನ ನನ್ನ ಲೆಕ್ಕ ಹೀಗೆ ಸುಳ್ಳಾಯಿತು, ಸುಳ್ಳಾದದ್ದೇ ಒಳ್ಳೆಯದು. ಸಾಧ್ಯವಿರುವವರು ಹೀಗೆ ಮಾಡಬೇಕೆಂದು ನನ್ನ ಸಲಹೆ. ಹಣದ ಅಡಚಣೆಯಿರುವವರಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಿದೆ. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಮೊದಲ ದಿನವೇ ಜೊತೆಗೊಯ್ಯತಕ್ಕದ್ದು.

ಧರ್ಮಶಾಲೆಯಲ್ಲಿ ಸಂಜೆಯ ಹೊತ್ತು ಜಾತಿ, ಭಾಷೆಗಳ ಭೇದವಿಲ್ಲದೆ ಜೊತೆಗಾರರೆಲ್ಲ ಒಟ್ಟುಗೂಡುತ್ತಿದ್ದರು. ಗಂಜಿಯನ್ನು ಎಷ್ಟು ಸಣ್ಣಗೆ ಸೋಸಬೇಕು, ನಳಿಕೆ ಕಟ್ಟಿಕೊಂಡರೆ ಏನು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ, ತುಮಕೂರಿನ ಕಡೆಯ ಮುಸ್ಲಿಂ ತಾಯಿಯೊಬ್ಬರಿಂದ. ಸೌಟಿನಲ್ಲಿ ತೋರಿಸಿ ತೋರಿಸಿ ಹೇಳಿಕೊಟ್ಟರು. ಊರಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಒಂದಿಬ್ಬರು ಹಿರಿಯರು 'ಕರೆಂಟು ಹಿಡಿದವರ' ಹತ್ತಿರ ಮಕ್ಕಳನ್ನು ಬಿಡಬಾರದೆಂದರು. ತಟ್ಟೆ ಲೋಟ ಬೇರೆ ಇಡಿರೆಂದರು. ಹೊರಗಿನ ಯಂತ್ರದಿಂದ ಬೀಳುವ ಕಿರಣ ಯಂತ್ರ ನಿಂತೊಡನೆ ನಿಲ್ಲುತ್ತದೆ. ದೇಹದಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಗಳು ಅಜ್ಜಿಯ ಮಡಿಲಲ್ಲಿಯೇ ಸ್ಲೇಟು ಹಿಡಿದು ಕುಳಿತಿರುತ್ತಿದ್ದಳು.

ರಜಾದಿನಗಳು ನಡುವೆ ಬಂದುದರಿಂದ ಮೂವತ್ತನೆಯ ಸರದಿ ಜನವರಿಯ ಮೊದಲ ವಾರಕ್ಕೆ ಬಿತ್ತು. ಮುಗಿದೊಡನೆ ನೋವು ಇಳಿಯುವುದೆಂದು ಎಲ್ಲರೂ ಭಾವಿಸುತ್ತಾರೆ. ಹಾಗಾಗುವುದಿಲ್ಲ. ನಂತರದ ಹತ್ತು ಹದಿನೈದು ದಿನಗಳೇ ಅತ್ಯಂತ ಕಠಿಣ. ನೆಂಟರ ದೂರವಾಣಿ ಕರೆಗಳು ನಿಂತಿರುತ್ತವೆ. 'ಎಲ್ಲ ಆಯಿತಲ್ಲ' ಎಂದು ಮನೆಯವರೂ ಸಡಿಲವಾಗಿರುತ್ತಾರೆ. ಸಂಕ್ರಾಂತಿಯ ದಿನ ಬಂದವರಿಗೆಲ್ಲ ಆಕೆ ಎಳ್ಳು ಬೀರಿದಳು. ಒಂದು ಕಾಳೂ ತಾನು ಬಾಯಿಗೆ ಹಾಕುವಂತಿರಲಿಲ್ಲ. ಶಿವಗಂಗೆಯ ಬೆಟ್ಟ ಹತ್ತುವ ಹರಕೆ ಹೊತ್ತಿದ್ದಳಾದರೂ ಗಂಗಾಧರೇಶ್ವರನ ಸನ್ನಿಧಿಯವರೆಗೆ ಮಾತ್ರ ಕರೆದೊಯ್ದೆ, ಅದೂ ಏಪ್ರಿಲಿನಲ್ಲಿ, ಯುಗಾದಿ ಕಳೆದ ಮೇಲೆ. ಆ ಹೊತ್ತಿಗೆ ನಳಿಕೆ ತೆಗೆದು ಎರಡು ತಿಂಗಳಾಗಿತ್ತು. ರುಚಿ ಅರ್ಧ ಮರಳಿತ್ತು. ಉಪ್ಪು ತಿಳಿಯುತ್ತಿತ್ತು, ಸಿಹಿ ಇನ್ನೂ ಮಸುಕು.

ಜೊಲ್ಲು ಪೂರ್ತಿಯಾಗಿ ಹಿಂದಿರುಗಿಲ್ಲ. ನೀರಿನ ಶೀಷೆ ಹಗಲೂ ರಾತ್ರಿಯೂ ಪಕ್ಕದಲ್ಲಿರಬೇಕು. ಉಳಿದ ಹಲ್ಲುಗಳಿಗೆ ಫ್ಲೋರೈಡ್ ಲೇಪ ಹಚ್ಚುವುದು, ವೈದ್ಯರನ್ನು ಕೇಳದೆ ಯಾವ ಹಲ್ಲನ್ನೂ ಕೀಳಿಸದಿರುವುದು ಜೀವನಪರ್ಯಂತದ ನಿಯಮ. ಕರಡಿಗೆ ಮತ್ತೆ ಕೊರಳಿಗೆ ಬಂದಿದೆ. ತಪಾಸಣೆಯ ದಿನ ಬಂದಾಗಲೆಲ್ಲ ಬೆಳಗಿನ ಅದೇ ಬಸ್ಸು ಹಿಡಿಯುತ್ತೇವೆ. ಆಕೆ ಕಿಟಕಿಯ ಪಕ್ಕ, ನಾನು ಈಚೆ. ಆ ವರ್ಷ ತನಗೆಂದು ಒಣಗಿಸಿ ಎತ್ತಿಟ್ಟಿದ್ದ ಹಿತಕಬೇಳೆಯ ಡಬ್ಬಿಯನ್ನು ಆಕೆ ತೆರೆದದ್ದು ಜೂನ್ ತಿಂಗಳ ಒಂದು ಮಳೆಯ ಸಂಜೆ. ಸಾರಿಗೆ ಖಾರ ಹಾಕಿರಲಿಲ್ಲ. ಎರಡು ತುತ್ತು ಮುದ್ದೆ ಉಂಡು, ಉಪ್ಪು ಸ್ವಲ್ಪ ಮುಂದಾಯಿತು ಎಂದಳು.